ದೂರದರ್ಶನದ ಕಣ್ಣು ಯಾರ ಕಡೆ ತಿರುಗಿತ್ತು?

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಕರ್ನಾಟಕದಲ್ಲಿ ಸರ್ಕಾರಿ ಟಿವಿ ಮೊದಲು ಬಂದದ್ದು ಎಲ್ಲಿಗೆ? ಬೆಂಗಳೂರಿಗೆ ಎಂದು ಹೆಚ್ಚಿನವರು ಹೇಳುತ್ತಾರೆ. ಬೆಂಗಳೂರಿಗೆ ತನ್ನದೇ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಕನ್ನಡದಲ್ಲಿ ಟಿವಿ ನೋಡುತ್ತಿದ್ದರು. ಅದೂ ಉಪಗ್ರಹದಿಂದ ನೇರವಾಗಿ.

ಈ ಮಾತು ನಂಬಲು ಕಷ್ಟ ಎನಿಸಿದರೆ ಆ ಕಡೆಯ ಹಿರಿಯರನ್ನು ಕೇಳಿ. ಶಾಲೆಯ ಗೋಡೆಯ ಪಕ್ಕ ನಿಂತಿದ್ದ ತಂತಿ ಬಲೆಯ ದೊಡ್ಡ ಛತ್ರಿ ಅವರಲ್ಲಿ ಕೆಲವರಿಗಾದರೂ ನೆನಪಿದ್ದೀತು.

ಟಿವಿ ಎಂದರೆ ಪಟ್ಟಣದ ವಸ್ತು, ಹಳ್ಳಿಗೆ ತಡವಾಗಿ ಬಂದದ್ದು ಎಂದೇ ನಾವೆಲ್ಲ ತಿಳಿದಿದ್ದೇವೆ. ದೂರದರ್ಶನದ ಇತಿಹಾಸ ಬೇರೆಯೇ ಮಾತು ಹೇಳುತ್ತದೆ. ಹಳ್ಳಿಗೆ ಕೆಲಸಕ್ಕೆ ಬರಲಿ ಎಂದೇ ಅದನ್ನು ಬೆಳೆಸಿದರು. ಆಮೇಲೆ ಅದರ ಮುಖ ನಿಧಾನವಾಗಿ ಬೇರೆ ಕಡೆ ತಿರುಗಿತು. ಅದರ ಲೋಗೊ, ರಾಗ, ಹೆಸರು, ಕಾರ್ಯಕ್ರಮಗಳನ್ನು ಜೋಡಿಸಿ ನೋಡಿದರೆ ಈ ತಿರುವು ಎಲ್ಲೆಲ್ಲಿ ಆಯಿತು ಎಂಬುದು ಕಾಣುತ್ತದೆ.

ಎಂಬತ್ತು ಹಳ್ಳಿಗಳ ಬೇಸಾಯ

ಭಾರತದಲ್ಲಿ ಟಿವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಆಗ ಅದಕ್ಕೆ ದೂರದರ್ಶನ ಎಂಬ ಪ್ರತ್ಯೇಕ ಸಂಸ್ಥೆ ಇರಲಿಲ್ಲ, ಆಕಾಶವಾಣಿಯ ಒಂದು ಸಣ್ಣ ಕೋಣೆಯಂತಿತ್ತು. ಆಕಾಶವಾಣಿ ಎಂಬ ಹೆಸರಿಗೂ ನಮಗೂ ನಂಟಿದೆ. ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದರು. ಆ ಕೇಂದ್ರಕ್ಕೆ ಬಂದ ಹೆಸರೇ ಆಕಾಶವಾಣಿ. ಸ್ವಾತಂತ್ರ್ಯದ ನಂತರ ಇಡೀ ದೇಶದ ಸರ್ಕಾರಿ ರೇಡಿಯೊ ಆ ಹೆಸರನ್ನು ತನ್ನದಾಗಿಸಿಕೊಂಡಿತು.

ಮೊದಲು ವಾರಕ್ಕೆ ಎರಡೇ ದಿನ, ಸ್ವಲ್ಪ ಹೊತ್ತು ಮಾತ್ರ ಪ್ರಸಾರ. ಯುನೆಸ್ಕೊ ನೆರವು ಇತ್ತು. ಸೆಟ್ಟುಗಳನ್ನು ಇಟ್ಟದ್ದು ಮನೆಗಳಲ್ಲಲ್ಲ, ಜನ ಒಟ್ಟಿಗೆ ಕೂತು ನೋಡುವ ಜಾಗಗಳಲ್ಲಿ. ನೋಡಿದ ಮೇಲೆ ಚರ್ಚೆ ಮಾಡಬೇಕು ಎಂಬ ಉದ್ದೇಶ. ದಿನವೂ ಪ್ರಸಾರ ಶುರುವಾದದ್ದು 1965ರಲ್ಲಿ.

1967ರ ಜನವರಿ 26ರಂದು 'ಕೃಷಿ ದರ್ಶನ' ಬಂತು. ದೆಹಲಿ ಸುತ್ತಲಿನ 80 ಹಳ್ಳಿಗಳನ್ನು ಆರಿಸಿ, ಅಲ್ಲಿ ಸಾಮೂಹಿಕ ಟಿವಿ ಇಟ್ಟು, ಬೀಜ, ಗೊಬ್ಬರ, ನೀರಿನ ಬಗ್ಗೆ ರೈತರಿಗೆ ತೋರಿಸಿದರು. ಹಸಿರು ಕ್ರಾಂತಿಯ ಕಾಲ ಅದು. ಹೊಸ ಗೋಧಿ ತಳಿ ಬಿತ್ತುವವನಿಗೆ ಹೇಗೆ ಬಿತ್ತಬೇಕು ಎಂದು ಕಣ್ಣಾರೆ ತೋರಿಸುವ ಸಾಧನ ಬೇಕಿತ್ತು. ಬೊಂಬಾಯಿಗೆ ಟಿವಿ ಬಂದದ್ದು 1972ರಲ್ಲಿ, ಮದ್ರಾಸು, ಕಲ್ಕತ್ತೆಗಳಿಗೆ 1975ರಲ್ಲಿ. ಲೆಕ್ಕ ಹಾಕಿ ನೋಡಿ. ದೆಹಲಿ ಬಿಟ್ಟರೆ ದೇಶದ ದೊಡ್ಡ ನಗರಗಳಿಗಿಂತ ಮೊದಲು ಟಿವಿ ನೋಡಿದವರು ಆ 80 ಹಳ್ಳಿಗಳ ರೈತರು.

ಉಪಗ್ರಹ ಒಂದು ವರ್ಷದ ಸಾಲ

ವಿಕ್ರಮ್ ಸಾರಾಭಾಯಿ ಅವರ ವಾದ ಸರಳವಾಗಿತ್ತು. ಊರಿಂದೂರಿಗೆ ಟವರ್ ಕಟ್ಟುತ್ತಾ ಹೋದರೆ ಹಳ್ಳಿಗೆ ಟಿವಿ ತಲುಪಲು ದಶಕಗಳೇ ಬೇಕು, ಅದೂ ಪಟ್ಟಣದವರ ಪಾಳಿ ಮುಗಿದ ಮೇಲೆ. ಉಪಗ್ರಹ ಬಳಸಿದರೆ ಗುಡ್ಡದಾಚೆಯ ಹಳ್ಳಿಗೂ ರಾಜಧಾನಿಗೂ ಒಂದೇ ದಿನ ಚಿತ್ರ ತಲುಪುತ್ತದೆ. 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ ನಡುವೆ ಒಪ್ಪಂದವಾಯಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಭಾರತ ಬಳಸಬಹುದು, ನೆಲದ ಮೇಲಿನ ಉಪಕರಣ ಮತ್ತು ಕಾರ್ಯಕ್ರಮಗಳು ಭಾರತದ್ದೇ. 1971ರ ಡಿಸೆಂಬರಿನಲ್ಲಿ ಸಾರಾಭಾಯಿ ತೀರಿಕೊಂಡರು. ಯೋಜನೆ ನಿಲ್ಲಲಿಲ್ಲ.

1975ರ ಆಗಸ್ಟ್ 1ರಂದು ಪ್ರಸಾರ ಶುರುವಾಯಿತು. ಇದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಸೈಟ್' ಎಂದು ಕರೆದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು: ರಾಜಸ್ಥಾನ, ಬಿಹಾರ, ಮಧ್ಯಪ್ರದೇಶ, ಒರಿಸ್ಸಾ, ಆಂಧ್ರಪ್ರದೇಶ, ಮತ್ತು ನಮ್ಮ ಕರ್ನಾಟಕ. ನಮ್ಮಲ್ಲಿ ಆರಿಸಿದ್ದು ಮೇಲೆ ಹೇಳಿದ ಮೂರು ಜಿಲ್ಲೆಗಳನ್ನು. ಮಳೆ ಕಡಿಮೆ, ಶಾಲೆ ಕಡಿಮೆ, ರಸ್ತೆ ಕಡಿಮೆ ಇದ್ದ ಜಿಲ್ಲೆಗಳು. ಹಿಂದುಳಿದ ಪ್ರದೇಶ ಎಂಬ ಕಾರಣಕ್ಕೇ ಮೊದಲ ಪಾಳಿ ಸಿಕ್ಕಿದ ಅಪರೂಪದ ಪ್ರಸಂಗ ಇದು.

ಪ್ರತಿ ಹಳ್ಳಿಯಲ್ಲಿ ಒಂದು ಸೆಟ್ಟು, ಮೂರು ಮೀಟರ್ ಅಗಲದ ತಂತಿ ಬಲೆಯ ಛತ್ರಿ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲ ಆ ಉಪಗ್ರಹದಲ್ಲಿತ್ತು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಶುರುವಿನಲ್ಲಿ ಜಾತ್ರೆಯಂತೆ ಜನ ಸೇರಿದರು. ಹೊಸತನ ಹೋದ ಮೇಲೆ ಗುಂಪು ಕರಗಿ, ನಿಜವಾಗಿ ಆಸಕ್ತಿ ಇದ್ದವರು ಉಳಿದರು. ಸಂಶೋಧಕರು ಕೆಲವು ಹಳ್ಳಿಗಳಲ್ಲೇ ಉಳಿದು, ಯಾರು ನೋಡಿದರು, ಏನು ಕಲಿತರು ಎಂದು ಬರೆದುಕೊಂಡರು. ನೋಡುವವರನ್ನು ಹೀಗೆ ಹತ್ತಿರದಿಂದ ವಿಚಾರಿಸಿದ ಟಿವಿ ಆಮೇಲೆ ನಮಗೆ ಹೆಚ್ಚು ಸಿಗಲಿಲ್ಲ.

1976ರ ಜುಲೈ 31ಕ್ಕೆ ಒಂದು ವರ್ಷ ಮುಗಿಯಿತು. ಉಪಗ್ರಹ ನಾಸಾದ್ದು, ಅವರು ವಾಪಸ್ ಪಡೆದರು. 2,400 ಹಳ್ಳಿಗಳ ಪರದೆಗೆ ಆಕಾಶದಿಂದ ಬರುತ್ತಿದ್ದ ಚಿತ್ರ ನಿಂತಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು, ಅದರ ಅಲೆ ತಲುಪುವಷ್ಟು ಹಳ್ಳಿಗಳಿಗೆ ಟಿವಿ ಮತ್ತೆ ಸಿಕ್ಕಿತು. ಉಳಿದವು ಕಾದವು.

ಕಣ್ಣು ಹುಟ್ಟಿದ್ದು

ಈ ಪ್ರಯೋಗ ನಡೆಯುತ್ತಿದ್ದಾಗಲೇ, 1976ರ ಏಪ್ರಿಲ್ 1ರಂದು, ಟಿವಿಯನ್ನು ಆಕಾಶವಾಣಿಯಿಂದ ಬೇರ್ಪಡಿಸಿ ದೂರದರ್ಶನ ಎಂಬ ಸ್ವತಂತ್ರ ಇಲಾಖೆ ಮಾಡಿದರು. ಬೇರೆ ಮನೆ ಮಾಡಿದ ಮೇಲೆ ಬಾಗಿಲಿಗೆ ಹೆಸರು ಬೇಕಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿ ದೇವಾಶಿಸ್ ಭಟ್ಟಾಚಾರ್ಯ ಬರೆದ ಚಿತ್ರ ಆಯ್ಕೆಯಾಯಿತು. ಮಧ್ಯೆ ಒಂದು ದುಂಡು, ಅದನ್ನು ಎರಡೂ ಕಡೆಯಿಂದ ತಬ್ಬಿದ ಎರಡು ಬಾಗು ಗೆರೆ. ನೋಡಿದವರಿಗೆ ಅದು ಕಣ್ಣಾಗಿ ಕಂಡಿತು. ಹಲವು ಚಿತ್ರಗಳ ನಡುವೆ ಇದನ್ನು ಆರಿಸಿದ್ದು ಅಂದಿನ ಪ್ರಧಾನಿ ಇಂದಿರಾ ಗಾಂಧಿ.

ಕಂಪ್ಯೂಟರ್ ಇಲ್ಲದ ಕಾಲ. ಚಿತ್ರದ ಪ್ರತಿಗಳನ್ನು ಕ್ಯಾಮೆರಾದ ಕೆಳಗಿಟ್ಟು, ತಿರುಗಿಸುತ್ತಾ ಚಿತ್ರೀಕರಿಸಿ, ಆ ಗೆರೆಗಳು ಸುತ್ತಿ ಸುತ್ತಿ ಬಂದು ಕಣ್ಣಾಗಿ ನಿಲ್ಲುವಂತೆ ಮಾಡಿದರು. ಅದರ ಜೊತೆ ಬರುವ ರಾಗ ಪಂಡಿತ್ ರವಿಶಂಕರ್ ಮತ್ತು ಶಹನಾಯಿ ವಾದಕ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಅವರದು. ಎಷ್ಟೋ ಮನೆಗಳಲ್ಲಿ ಆ ರಾಗ ಕೇಳಿದರೆ ಸಾಕು, ಹೊರಗೆ ಆಡುತ್ತಿದ್ದ ಮಕ್ಕಳು ಒಳಗೆ ಓಡಿ ಬರುತ್ತಿದ್ದರು.

ಈ ಮುದ್ರೆ ಹುಟ್ಟಿದ ಕಾಲವನ್ನೂ ಮರೆಯಬಾರದು. ಅದು ತುರ್ತು ಪರಿಸ್ಥಿತಿಯ ಕಾಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಟಿವಿ ಪೂರ್ತಿ ಸರ್ಕಾರದ ಕೈಯಲ್ಲಿತ್ತು. ಆದ್ದರಿಂದ ಆ ಕಣ್ಣಿಗೆ ಮೊದಲ ದಿನದಿಂದಲೇ ಎರಡು ಅರ್ಥ: ಜನ ಲೋಕವನ್ನು ನೋಡುವ ಕಣ್ಣು ಒಂದು, ಸರ್ಕಾರ ಜನರ ಮೇಲೆ ಇಟ್ಟ ಕಣ್ಣು ಇನ್ನೊಂದು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ರೇಡಿಯೊ, ಟಿವಿ ಎರಡನ್ನೂ ಸರ್ಕಾರದ ಹಿಡಿತದಿಂದ ಬಿಡಿಸಿ ಸ್ವಾಯತ್ತ ಸಂಸ್ಥೆ ಮಾಡಿ ಎಂದು ಹೇಳಿತು. ಆ ಮಾತು ಕಾನೂನಾಗಲು 1990 ಬರಬೇಕಾಯಿತು. ಆ ಪ್ರಸಾರ ಭಾರತಿ ಕಾಯ್ದೆ ಜಾರಿಗೆ ಬಂದದ್ದು 1997ರಲ್ಲಿ.

ಬಣ್ಣ ಬಂತು, ಭಾಷೆ ಬದಲಾಯಿತು

1976ರ ಜನವರಿ 1ರಿಂದಲೇ ಟಿವಿಯಲ್ಲಿ ಜಾಹೀರಾತು ಬರಲು ಶುರುವಾಗಿತ್ತು. ಆದರೆ ದೊಡ್ಡ ತಿರುವು 1982ರದು. ಆ ವರ್ಷದ ಆಗಸ್ಟ್ 15ರಂದು ಬಣ್ಣದ ಪ್ರಸಾರ, ಇಡೀ ದೇಶಕ್ಕೆ ಒಂದೇ 'ರಾಷ್ಟ್ರೀಯ ಕಾರ್ಯಕ್ರಮ', ನವೆಂಬರಿನಲ್ಲಿ ದೆಹಲಿ ಏಷ್ಯನ್ ಕ್ರೀಡಾಕೂಟ. ಅದಾದ ಎರಡು ಮೂರು ವರ್ಷದಲ್ಲಿ ದೇಶದ ತುಂಬ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್‌ಗಳು ಎದ್ದವು. 1984ರಲ್ಲಂತೂ ಹೆಚ್ಚುಕಡಿಮೆ ದಿನಕ್ಕೊಂದು.

ಈ ಸಣ್ಣ ಟ್ರಾನ್ಸ್‌ಮಿಟರ್‌ಗಳ ಕೆಲಸ ದೆಹಲಿಯ ಕಾರ್ಯಕ್ರಮವನ್ನು ಉಪಗ್ರಹದಿಂದ ಹಿಡಿದು ಊರಿಗೆ ಬಿಡುವುದು. ಅವುಗಳಲ್ಲಿ ಸ್ಟುಡಿಯೊ ಇರಲಿಲ್ಲ, ಊರಿನ ಮಾತು ಅದರೊಳಗೆ ಹೋಗುವ ದಾರಿಯೂ ಇರಲಿಲ್ಲ. ಹೀಗೆ ಆಂಟೆನಾ ಹಳ್ಳಿ ತಲುಪಿತು, ಮಾತು ಮಾತ್ರ ಹಿಂದಿ ಮತ್ತು ಇಂಗ್ಲಿಷಿನದು. 1975ರಲ್ಲಿ ರಾಯಚೂರಿನ ಹಳ್ಳಿಗೆ ಕನ್ನಡದಲ್ಲಿ ಮಾತಾಡಿದ್ದ ಟಿವಿ, ಹತ್ತು ವರ್ಷದ ನಂತರ ಎಷ್ಟೋ ಊರುಗಳಿಗೆ ಬಂದಾಗ ಕನ್ನಡ ಮರೆತಿತ್ತು. ಸರ್ಕಾರವೇ ನೇಮಿಸಿದ ಪಿ.ಸಿ. ಜೋಶಿ ಸಮಿತಿ ಕೂಡ ದೂರದರ್ಶನ ದೆಹಲಿಯ ಸುತ್ತ ಸುತ್ತುತ್ತಿದೆ ಎಂದು 80ರ ದಶಕದ ಮಧ್ಯದಲ್ಲಿ ಎಚ್ಚರಿಸಿತ್ತು.

ಹಾಗೆಂದು ಆ ಕಾಲದ ಕಾರ್ಯಕ್ರಮಗಳು ಕಳಪೆ ಎಂದು ಹೇಳಿದರೆ ಸುಳ್ಳಾಗುತ್ತದೆ. 1984ರ ಜುಲೈಯಲ್ಲಿ ಬಂದ 'ಹಮ್ ಲೋಗ್' ದೇಶದ ಮೊದಲ ದೊಡ್ಡ ಧಾರಾವಾಹಿ. ಮನೋಹರ ಶ್ಯಾಮ ಜೋಶಿ ಬರೆದದ್ದು. ಕುಟುಂಬ ಯೋಜನೆ, ಹೆಣ್ಣುಮಕ್ಕಳ ಸ್ಥಾನಮಾನದ ಬಗ್ಗೆ ಕಥೆಯ ಮೂಲಕ ಹೇಳಬೇಕು ಎಂಬ ಯೋಚನೆ ಮೆಕ್ಸಿಕೊ ದೇಶದ ಧಾರಾವಾಹಿಗಳಿಂದ ಬಂದಿತ್ತು. ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ಕಥೆಯ ಬಗ್ಗೆ ಎರಡು ಮಾತಾಡುತ್ತಿದ್ದರು. ಸೈಟ್ ಕಾಲದ ಪಾಠವೇ ಇಲ್ಲಿ ಕಥೆಯ ವೇಷ ಹಾಕಿತ್ತು. ಆದರೆ ಪ್ರಾಯೋಜಕ ಕಂಪನಿಯ ದುಡ್ಡು ಕೂಡ ಇದರ ಜೊತೆಗೇ ಬಂತು. ಸೋಪು, ಟೂತ್‌ಪೇಸ್ಟ್ ಕೊಳ್ಳಬಲ್ಲ ಮನೆ ಈಗ ಮುಖ್ಯವಾಯಿತು.

ಅದೇ ದಶಕದಲ್ಲಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಮಾಡಿದರು. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳು, ಆಗುಂಬೆಯಲ್ಲಿ ಚಿತ್ರೀಕರಣ, ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡ್, ಅನಂತ್ ನಾಗ್ ಅವರಂಥ ನಮ್ಮ ನಟರು, ಮಾತು ಹಿಂದಿಯದು. ಮಲೆನಾಡಿನ ಊರನ್ನು ದೇಶವೆಲ್ಲ ಮೆಚ್ಚಿ ನೋಡಿತು. ಆ ಊರು ಪರದೆಯ ಮೇಲೆ ಬರಲು ಹಿಂದಿ ಕಲಿಯಬೇಕಾಯಿತು ಎಂಬುದೂ ಅಷ್ಟೇ ನಿಜ.

1987ರ ಜನವರಿ 25ರಿಂದ 'ರಾಮಾಯಣ', 1988ರ ಅಕ್ಟೋಬರ್ 2ರಿಂದ 'ಮಹಾಭಾರತ'. ಭಾನುವಾರ ಬೆಳಿಗ್ಗೆ ಬೀದಿ ಖಾಲಿ. ಟಿವಿ ಇದ್ದ ಮನೆಯ ಪಡಸಾಲೆ ಭರ್ತಿ. ಚಿತ್ರ ಅಲುಗಿದರೆ ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಇನ್ನೊಬ್ಬ ಕೆಳಗಿನಿಂದ 'ಬಂತು, ಬಂತು, ಹೋಯ್ತು' ಎಂದು ಕೂಗಬೇಕು. 1988ರ ಆಗಸ್ಟ್ 15ರಂದು ಬಂದ 'ಮಿಲೇ ಸುರ್ ಮೇರಾ ತುಮ್ಹಾರಾ' ಹಾಡಿಗೆ ಮೊದಲ ದನಿ ಕೊಟ್ಟವರು ನಮ್ಮ ಗದಗ ಸೀಮೆಯ ಪಂಡಿತ್ ಭೀಮಸೇನ ಜೋಶಿ. ಅದರಲ್ಲಿ ಕನ್ನಡಕ್ಕೂ ಒಂದು ಸಾಲಿನ ಜಾಗ ಸಿಕ್ಕಿತು. ಒಗ್ಗಟ್ಟು ಎಂದರೆ ಎಲ್ಲರಿಗೂ ಒಂದೊಂದು ಸಾಲು ಎಂದು ಆ ಹಾಡು ಹೇಳುತ್ತಿತ್ತು. ದಿನನಿತ್ಯದ ಪ್ರಸಾರದ ವೇಳೆಯಲ್ಲಿ ಆ ಪಾಲು ಹಾಗೆ ಹಂಚಿಕೆಯಾಗಿರಲಿಲ್ಲ.

ಒಂಬತ್ತು ಎಂಬ ಅಂಕಿಯಿಂದ ಚಂದನ ಎಂಬ ಹೆಸರಿಗೆ

1991ರ ನಂತರ ಖಾಸಗಿ ಉಪಗ್ರಹ ವಾಹಿನಿಗಳು ಬಂದವು. ಕೇಬಲ್ ತಂತಿ ಕಂಬದಿಂದ ಕಂಬಕ್ಕೆ ಹಾರಿತು. ಕನ್ನಡದಲ್ಲಿ 1994ರಲ್ಲಿ ಉದಯ ಟಿವಿ ಶುರುವಾಯಿತು. ದೂರದರ್ಶನಕ್ಕೆ ಮೊದಲ ಬಾರಿ ಎದುರಾಳಿ ಸಿಕ್ಕರು. ಪ್ರಾದೇಶಿಕ ಭಾಷೆಗಳಿಗೆ ಇಡೀ ದಿನದ ವಾಹಿನಿ ಕೊಡಬೇಕು ಎಂಬ ಬುದ್ಧಿ ಬಂದದ್ದೂ ಈ ಪೈಪೋಟಿಯ ಕಾಲದಲ್ಲೇ.

ನಮ್ಮ ವಾಹಿನಿಗೆ ಮೊದಲು ಇದ್ದ ಹೆಸರು ಡಿಡಿ-9. ಕಡತದ ನಂಬರಿನಂಥ ಹೆಸರು. ಆಮೇಲೆ ಅದು 'ಚಂದನ'ವಾಯಿತು. ಗಂಧದ ನಾಡಿನ ಹೆಸರು ಸಿಕ್ಕಿದ ಮೇಲೆ ವಾಹಿನಿ ಕನ್ನಡಿಗರ ಬಾಯಲ್ಲಿ ಕೂತಿತು. ಯಾರೂ ಈಗ ಡಿಡಿ-9 ಎನ್ನುವುದಿಲ್ಲ. ಒಳ್ಳೆಯ ಹೆಸರು ಮಾಡುವ ಕೆಲಸ ಇದು.

ಹೆಸರಿಗೆ ತಕ್ಕ ಕಾರ್ಯಕ್ರಮವೂ ಬೇಕು. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಅದಕ್ಕೆ ಉದಾಹರಣೆ. ಸಾವಿರಾರು ಕಂತು ದಾಟಿದ ಕ್ವಿಜ್. ಸರಿ ಉತ್ತರಕ್ಕೆ ಅಲ್ಲಿ ಸಿಗುವ ಬಹುಮಾನ ಕನ್ನಡ ಪುಸ್ತಕ. ಕಾರು, ಕೋಟಿ ರೂಪಾಯಿ ಕೊಡುವ ಕ್ವಿಜ್‌ಗಳ ಕಾಲದಲ್ಲಿ ಪುಸ್ತಕ ಕೊಟ್ಟು ಇಷ್ಟು ವರ್ಷ ನಡೆದಿದೆ. ಸಾರ್ವಜನಿಕ ಟಿವಿಗೂ ಖಾಸಗಿ ಟಿವಿಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನಾವು ಈ ಕಾರ್ಯಕ್ರಮ ತೋರಿಸುತ್ತೇವೆ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಇನ್ನೊಂದು ವ್ಯತ್ಯಾಸ ಕಂಡಿತು. ಆನ್‌ಲೈನ್ ಪಾಠಕ್ಕೆ ಫೋನ್ ಬೇಕು, ನೆಟ್‌ವರ್ಕ್ ಬೇಕು, ಡೇಟಾಗೆ ದುಡ್ಡು ಬೇಕು. ಒಂದು ಮನೆಯಲ್ಲಿ ಮೂರು ಮಕ್ಕಳು, ಒಂದು ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ಆಗ ಶಿಕ್ಷಣ ಇಲಾಖೆ ಚಂದನದಲ್ಲಿ 'ಸೇತುಬಂಧ', 'ಸಂವೇದ' ಪಾಠಗಳನ್ನು ಹಾಕಿತು. 1975ರಲ್ಲಿ ಗುಲ್ಬರ್ಗದ ಮಕ್ಕಳಿಗೆ ಬೆಳಿಗ್ಗೆ ಬಂದಿದ್ದ ಪಾಠ, 45 ವರ್ಷದ ನಂತರ ಬೇರೆ ಹೆಸರಿನಲ್ಲಿ ಮತ್ತೆ ಬಂತು. ಆ ಎಲ್ಲ ಮಕ್ಕಳಿಗೂ ತಲುಪಿತು ಎಂದಲ್ಲ, ಕರೆಂಟ್ ಹೋದರೆ ಪಾಠವೂ ಹೋಗುತ್ತಿತ್ತು. ಆದರೂ ಸಂಕಟ ಬಂದಾಗ ಸರ್ಕಾರಕ್ಕೆ ನೆನಪಾದದ್ದು ಈ ಹಳೆಯ ಸಾಧನವೇ.

ಲೋಗೊ ಬದಲಿಸುವುದು ಸುಲಭ

2017ರಲ್ಲಿ ಪ್ರಸಾರ ಭಾರತಿ ದೂರದರ್ಶನಕ್ಕೆ ಹೊಸ ಲೋಗೊ ಬೇಕು ಎಂದು ಸ್ಪರ್ಧೆ ಕರೆಯಿತು. ಯುವಕರನ್ನು ಸೆಳೆಯಬೇಕು ಎಂಬ ಕಾರಣ ಕೊಟ್ಟರು. ಒಂದು ಲಕ್ಷ ರೂಪಾಯಿ ಬಹುಮಾನ ಇಟ್ಟರು. ಜನ ಸಾಕಷ್ಟು ಚಿತ್ರ ಕಳಿಸಿದರು. ಆದರೆ ಹಳೆಯ ಕಣ್ಣೇ ಉಳಿಯಿತು. 2024ರ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ವಾಹಿನಿಯ ಲೋಗೊ ಕೆಂಪಿನಿಂದ ಕಿತ್ತಳೆ ಬಣ್ಣಕ್ಕೆ ತಿರುಗಿತು. ಚುನಾವಣೆಯ ಹೊತ್ತು. ಇದು ಕೇಸರಿ ಎಂದು ವಿರೋಧ ಪಕ್ಷಗಳು ಆಕ್ಷೇಪಿಸಿದವು. ಪ್ರಸಾರ ಭಾರತಿಯ ಮಾಜಿ ಮುಖ್ಯಾಧಿಕಾರಿ ಜವಾಹರ್ ಸರ್ಕಾರ್ ಕೂಡ ಟೀಕಿಸಿದರು. ಇದು ಕಣ್ಣಿಗೆ ಹಿತವಾದ ಕಿತ್ತಳೆ ಬಣ್ಣ ಅಷ್ಟೇ ಎಂದು ಸಂಸ್ಥೆ ಸಮರ್ಥಿಸಿಕೊಂಡಿತು.

ಬಣ್ಣದ ಜಗಳ ಟಿವಿಯಲ್ಲಿ ಬಹಳ ಹೊತ್ತು ನಡೆಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಅದಕ್ಕೆ ಮೊದಲೇ, ಸದ್ದಿಲ್ಲದೆ ಆಗಿತ್ತು. ಆಂಟೆನಾಗೆ ಸಿಗುತ್ತಿದ್ದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಪ್ರಸಾರ ಭಾರತಿ ಹಂತ ಹಂತವಾಗಿ ನಿಲ್ಲಿಸಿತು. ಗಡಿ ಪ್ರದೇಶದಂಥ ಸುಮಾರು 50 ಜಾಗ ಬಿಟ್ಟು ಉಳಿದವೆಲ್ಲ 2022ರ ಮಾರ್ಚ್ ಒಳಗೆ ಮುಗಿಯಬೇಕು ಎಂದು ನಿಗದಿಯಾಗಿತ್ತು. 2021ರಲ್ಲಿ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿತು. ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು: ಹಳೆಯ ತಂತ್ರಜ್ಞಾನದ ಪ್ರಸಾರ ಮಾತ್ರ ನಿಲ್ಲುತ್ತದೆ, ಕೇಂದ್ರದಲ್ಲಿ ಕಾರ್ಯಕ್ರಮ ತಯಾರಿಸುವ ಕೆಲಸ ಮುಂದುವರಿಯುತ್ತದೆ, ಅದು ಉಪಗ್ರಹ ವಾಹಿನಿಯಲ್ಲಿ ಬರುತ್ತದೆ.

ಆಂಟೆನಾ ಹೋದದ್ದಕ್ಕೆ ನಾವು ಅಳಬೇಕಿಲ್ಲ. ಈಗ ಡಿಡಿ ಫ್ರೀ ಡಿಶ್ ಇದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಒಮ್ಮೆ ಡಿಶ್ಶು, ಬಾಕ್ಸು ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಸಾರಾಭಾಯಿ ಬಯಸಿದ ಉಪಗ್ರಹ ಟಿವಿ ಕೊನೆಗೂ ಮನೆ ಮಾಳಿಗೆಗೆ ಬಂದಿದೆ. ಮೂರು ಮೀಟರ್ ಛತ್ರಿ ಈಗ ಅನ್ನದ ತಟ್ಟೆಗಿಂತ ಸ್ವಲ್ಪ ದೊಡ್ಡದು. ಆದರೆ ಅದರಲ್ಲಿನ ಜಾಗಗಳನ್ನು ಪ್ರಸಾರ ಭಾರತಿ ಖಾಸಗಿ ವಾಹಿನಿಗಳಿಗೆ ಹರಾಜು ಹಾಕುತ್ತದೆ. ನೂರು ವಾಹಿನಿ ತಿರುಗಿಸಿದರೂ ನಮ್ಮ ತಾಲ್ಲೂಕಿನ ಕೆರೆ, ಮಾರುಕಟ್ಟೆಯ ದರ, ಆಸ್ಪತ್ರೆಯಲ್ಲಿ ಇಲ್ಲದ ವೈದ್ಯರ ಸುದ್ದಿ ಎಲ್ಲಿ ಬರುತ್ತದೆ?

ಹಾಗೆ ಆಗಲೇಬೇಕು ಎಂದೇನೂ ಇಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1975ರಿಂದಲೇ ಪೀಜ್ ಎಂಬ ಊರಿನ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಆ ಜಿಲ್ಲೆಯ ಹಾಲು ಉತ್ಪಾದಕರ, ಕೂಲಿಗಳ ಬದುಕನ್ನೇ ಕಾರ್ಯಕ್ರಮ ಮಾಡಿ ಅವರಿಗೇ ತೋರಿಸಿದರು. ಆ ಯೋಜನೆಗೆ 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೊದ ಪ್ರಶಸ್ತಿ ಬಂತು. ಒಂದು ಜಿಲ್ಲೆಗೆ ಅದರದೇ ಟಿವಿ ನಡೆಯುತ್ತದೆ ಎಂಬುದನ್ನು ನಮ್ಮ ದೇಶವೇ ಲೋಕಕ್ಕೆ ತೋರಿಸಿಕೊಟ್ಟಿದೆ. ಆಗ ಬೇಕಾಗಿದ್ದ ಭಾರೀ ಕ್ಯಾಮೆರಾ, ಸ್ಟುಡಿಯೊಗಳ ಅರ್ಧ ಕೆಲಸ ಇವತ್ತು ನಿಮ್ಮ ಕೈಯಲ್ಲಿರುವ ಫೋನ್ ಮಾಡುತ್ತದೆ.

ಅದಕ್ಕೇ ನಾವು ಇಷ್ಟೆಲ್ಲ ಹಳೆಯ ಕಥೆ ಹೇಳಿದ್ದು. ದೂರದರ್ಶನ ನಮ್ಮ ತೆರಿಗೆಯ ದುಡ್ಡಿನಿಂದ ನಡೆಯುತ್ತದೆ. ಕಲಬುರಗಿಯಲ್ಲಿ ಕೇಂದ್ರ ಉಳಿಯುತ್ತದೆ ಎಂದು ಮಾತು ಕೊಟ್ಟಿದ್ದಾರೆ. ಹಾಗಾದರೆ ಅಲ್ಲಿ ತಯಾರಾಗುವ ಕಾರ್ಯಕ್ರಮ ಎಷ್ಟು, ಚಂದನದಲ್ಲಿ ಅದು ಬರುವ ಹೊತ್ತು ಯಾವುದು ಎಂದು ಕೇಳುವ ಹಕ್ಕು ಆ ಭಾಗದ ಜನರಿಗಿದೆ. ಪತ್ರ ಬರೆದು ಕೇಳಬಹುದು, ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ನಿಮ್ಮ ಸಂಸದರು ವೋಟು ಕೇಳಲು ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಬಹುದು.

ಬರಗಾಲದ ಮೂರು ಜಿಲ್ಲೆಗಳಿಗೆ ಮೊದಲ ಪಾಳಿ ಕೊಟ್ಟ ಟಿವಿ ಇದು. ಆ ಪಾಳಿ ಮತ್ತೆ ಬರಬೇಕಾದರೆ ಕೇಳುವವರು ಬೇಕು.